ರಾಚವ್ವನ ಹಲ್ಲು

ಧಾರಾವಿಯ ಚಂದ್ರಾಮ ಮಿಸ್ತ್ರಿಗೆ ಅಕ್ಷರ ಬರುತ್ತಿರಲಿಲ್ಲ. ಹಾಗೆಂದು ಅವನ ಎದುರು ಹೇಳುವ ಧೈರ್ಯವೂ ಯಾರಿಗೂ ಇರಲಿಲ್ಲ. ಅಕ್ಷರ ಬಲ್ಲವರು ಬಿಚ್ಚಿ ಹರವಿ, ಕೂಡಿಸಲಾರದೆ ಕೈಚೆಲ್ಲಿದ ಗಾಡಿಗಳೆಲ್ಲ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಅವನ ಮನೆಗೆ ತಾಗಿದ್ದ ತಗಡಿನ ಛಪ್ಪರದ ಮುಂದೆಯೇ. ಇಂಡಿ ತಾಲೂಕಿನಿಂದ ಮುಂಬಯಿಗೆ ಬಂದ ಹೊಸತರಲ್ಲಿ, ಯುದ್ಧದ ಕಾಲಕ್ಕೆ, ಮಿಲಿಟರಿ ವರ್ಕ್‌ಶಾಪಿನಲ್ಲಿ ಎಣ್ಣೆ ಒರೆಸುವ ಕೆಲಸಕ್ಕೆ ಸೇರಿದ್ದ. ಅಲ್ಲಿ ದೊರೆಗಳು ಪುಸ್ತಕ ನೋಡಿ ಗಾಡಿ ಬಿಚ್ಚುತ್ತಿದ್ದರು, ಇವನು ದೊರೆಗಳ ಕೈ ನೋಡಿ ಕಲಿತ. ಯುದ್ಧ ಮುಗಿದ ಮೇಲೆ ದೊರೆಗಳು ಪುಸ್ತಕ ಕಟ್ಟಿಕೊಂಡು ಹಡಗು ಹತ್ತಿದರು. ಇವನು ಕಲಿತದ್ದು ಇಲ್ಲೇ ಉಳಿಯಿತು.

ಗೇರ್‌ಬಾಕ್ಸ್ ಬಿಚ್ಚುವಾಗ ಬೇರೆ ಮಿಸ್ತ್ರಿಗಳು ಒಂದೊಂದು ಗೇರಿಗೂ ಸೀಮೆಸುಣ್ಣದಲ್ಲಿ ನಂಬರು ಬರೆದಿಡುತ್ತಾರೆ. ಚಂದ್ರಾಮ ಹೆಸರಿಡುತ್ತಿದ್ದ. ಅದೂ ಎಂಥ ಹೆಸರು, ಹೆಂಡತಿ ನೀಲಾಬಾಯಿಯ ತವರಿನವರದು. ಯಾಕೆಂದು ಕೇಳಿದರೆ, "ನಂಬರ ಮರೀತಾವ, ಬೀಗರು ಮರಿಯಂಗಿಲ್ಲ" ಎನ್ನುತ್ತಿದ್ದ. ಇಪ್ಪತ್ತೆರಡು ವರ್ಷದ ಅನುಭವದ ಮಾತು, ಅಲ್ಲಗಳೆಯುವುದು ಕಷ್ಟ.

ಎಪ್ಪತ್ತನೆಯ ಇಸವಿಯ ಶ್ರಾವಣದಲ್ಲಿ ಅವನ ಮನೆಗೆ ಬಂದದ್ದು ಮಿಲ್ಟ್ರಿಯ ಚಿಕ್ಕ ಗೇರ್‌ಬಾಕ್ಸು. ಮಿಲ್ಟ್ರಿ ಅಂದರೆ ಸೈನ್ಯವಲ್ಲ, ಯುದ್ಧದ ಕಾಲದ ಒಂದು ಟ್ರಕ್ಕು. ಸೈನ್ಯದವರು ಬೇಡವೆಂದು ಹರಾಜು ಹಾಕಿದ್ದನ್ನು ಬಸವಂತರಾಯನೆಂಬ ಕಂತ್ರಾಟದಾರ ಹಿಡಿದು, ಕಾಂದಿವಲಿಯ ತನ್ನ ಕಲ್ಲಿನ ಖಾಣಿಗೆ ಹಚ್ಚಿದ್ದ. ಮಳೆಗಾಲದಲ್ಲಿ ಆ ಖಾಣಿಯ ಕೆಸರು ದಿಬ್ಬವನ್ನು ಕಲ್ಲು ಹೊತ್ತು ಹತ್ತುವ ಗಾಡಿ ಅದೊಂದೇ. ಬೇರೆ ಲಾರಿಗಳಿಗೆ ಹಿಂದಿನ ಗಾಲಿ ಮಾತ್ರ ತಿರುಗುತ್ತವೆ, ಇದಕ್ಕೆ ಮುಂದಿನವೂ ತಿರುಗುತ್ತಿದ್ದವು. ಎಂಜಿನ್ನಿನ ಶಕ್ತಿಯನ್ನು ಹಿಂದಿನ ಗಾಲಿಗೂ ಮುಂದಿನ ಗಾಲಿಗೂ ಹಂಚಿಕೊಡುವ ಪೆಟ್ಟಿಗೆಯೇ ಈ ಚಿಕ್ಕ ಗೇರ್‌ಬಾಕ್ಸು. ದೊರೆಗಳು ಅದನ್ನು ಟ್ರಾನ್ಸ್‌ಫರ್ ಕೇಸ್ ಎನ್ನುತ್ತಿದ್ದರು. ಚಂದ್ರಾಮನೂ ಒಮ್ಮೊಮ್ಮೆ ಗತ್ತಿನಿಂದ ಹಾಗೆ ಅನ್ನುವುದಿತ್ತು. ಹಾಗೆ ಅಂದದ್ದನ್ನು ಕೇಳಿದ ಚಾಳಿನ ಹೆಂಗಸರು, ಮಿಸ್ತ್ರಿಯ ಮೇಲೆ ಏನೋ ಕೋರ್ಟಿನ ಕೇಸು ಬಿದ್ದಿದೆ, ಅದೂ ಒಂದು ಕೋರ್ಟಿನಿಂದ ಇನ್ನೊಂದಕ್ಕೆ ಟ್ರಾನ್ಸ್‌ಫರ್ ಆಗಿದೆ ಎಂದು ನೀಲಾಬಾಯಿಗೆ ಸಮಾಧಾನ ಹೇಳಿ ಹೋಗಿದ್ದರು.

ದಿಬ್ಬದ ಅರ್ಧದಲ್ಲಿ ಮಿಲ್ಟ್ರಿ ಕಿರುಚಿ ನಿಂತುಬಿಟ್ಟಾಗ ಬಸವಂತರಾಯ ಅದನ್ನು ಭಂಗಾರಕ್ಕೆ ಹಾಕುವ ಮಾತೆತ್ತಿದ. ಇದೊಂದು ಮುಂಬಯಿ ಕನ್ನಡಿಗರ ಪಾಡು. ಊರಿನಲ್ಲಿ ಬಂಗಾರ ಎಂದರೆ ಚಿನ್ನ, ಇಲ್ಲಿ ಭಂಗಾರ ಎಂದರೆ ತೂಕಕ್ಕೆ ಹಾಕುವ ಮುರುಕು ಕಬ್ಬಿಣ. ನಡುವೆ ಇರುವುದು ಒಂದೇ ಒಂದು ಮಹಾಪ್ರಾಣ, ಅದನ್ನೂ ನಮ್ಮ ಕಡೆಯವರು ಉಚ್ಚರಿಸುವುದಿಲ್ಲ. ಚಂದ್ರಾಮನಿಗೆ ಮಾತ್ರ ಅರ್ಥವಾಯಿತು. ಅವನು ಎಣ್ಣೆ ಒರೆಸಿದ ಮೊದಲ ಗಾಡಿ ಇಂಥದ್ದೇ. ಇದೇ ಅದು ಎಂದು ಅವನ ನಂಬಿಕೆ. ನಾನೇ ರಿಪೇರಿ ಮಾಡುತ್ತೇನೆಂದು ಹಟ ಹಿಡಿದು, ಖಾಣಿಯ ಕಲ್ಲುಪುಡಿ ಗೇರಿನೊಳಗೆ ಹೋದರೆ ಕೆಟ್ಟೀತೆಂದು ಪೆಟ್ಟಿಗೆಯನ್ನಷ್ಟೇ ಕಳಚಿಸಿ ಖಾಣಿಯ ಲಾರಿಯಲ್ಲಿ ಧಾರಾವಿಗೆ ಹೊರಿಸಿಕೊಂಡು ಬಂದ.

ಬಿಚ್ಚಿದಾಗ ಒಳಗೆ ಮುಖ್ಯ ಗೇರು ಮೂರು. ಎಂಜಿನ್ನಿನ ಕಡೆಯಿಂದ ತಿರುಗಿಸಿಕೊಳ್ಳುವ ಮೇಲಿನ ಗೇರು ಎಲ್ಲಕ್ಕಿಂತ ಹೆಚ್ಚು ಸದ್ದು ಮಾಡುವಂಥದ್ದು, ಅದಕ್ಕೆ ಅತ್ತೆಯ ಹೆಸರು ರಾಚವ್ವ ಎಂದಿಟ್ಟ. ಇಡೀ ಭಾರ ಹೊತ್ತು ಗಾಲಿಗೆ ಮುಟ್ಟಿಸುವ ಕೆಳಗಿನ ಗೇರಿಗೆ, ಬೀಗರ ಪೈಕಿ ಹೊರುವವರು ಯಾರೂ ನೆನಪಾಗದ್ದರಿಂದ, ತನ್ನ ಹೆಸರನ್ನೇ ಇಟ್ಟುಕೊಂಡ. ಇವೆರಡೂ ಒಂದಕ್ಕೊಂದು ತಾಕುವುದಿಲ್ಲ. ನಡುವೆ ಇನ್ನೊಂದು ಗೇರಿದೆ. ಅದು ತಾನಾಗಿ ಏನನ್ನೂ ಎಳೆಯುವುದಿಲ್ಲ, ಹೊರುವುದಿಲ್ಲ, ಸುಮ್ಮನೆ ಇಬ್ಬರ ನಡುವೆ ಕೂತು ತಿರುಗುತ್ತದೆ. ಅದಕ್ಕೆ ಹೆಸರು ಹುಡುಕಲು ಚಂದ್ರಾಮ ಕಣ್ಣು ಎತ್ತಿದರೆ ಸಾಕಿತ್ತು. ಎದುರಿಗೆ ಬಾಗಿಲ ಚೌಕಟ್ಟಿಗೆ ಒರಗಿ ಅವನ ಹೆಂಡತಿಯ ತಮ್ಮ ಕಾಂತಪ್ಪ ಶೇಂಗಾ ಬಿಡಿಸುತ್ತಿದ್ದ.

ಕಾಂತಪ್ಪ ಎಂಟು ದಿನ ಇದ್ದು ಹೋಗುತ್ತೇನೆಂದು ಬಂದು ಆರು ವರ್ಷವಾಗಿತ್ತು. ಕೂತು ಉಣ್ಣುವವನು ಎಂಬುದು ಚಂದ್ರಾಮನ ದೂರು. ಆದರೆ ಆ ದೂರೂ ಪೂರ್ತಿ ನಿಜವಲ್ಲ, ಅವನು ಮಲಗಿಯೂ ಉಣ್ಣಬಲ್ಲವನಾಗಿದ್ದ.

ರಾಚವ್ವ ಗೇರಿನ ಹಲ್ಲುಗಳು ಸವೆದು ನಾಲ್ಕು ಉದುರಿಯೇ ಹೋಗಿದ್ದವು. ಚಂದ್ರಾಮ ಕುರ್ಲಾದ ಹಳೆ ಸಾಮಾನಿನ ಬಜಾರು ಸುತ್ತಿ, ಅದೇ ಅಳತೆಯ ಇನ್ನೊಂದು ಗೇರು ಹುಡುಕಿ ತಂದ. ಆ ಖುಷಿಯಲ್ಲಿ ಛಪ್ಪರದಲ್ಲಿ ಕೂತು ಕಾಂತಪ್ಪನಿಗೆ ಹೇಳಿದ ಮಾತು ಅವನ ಸಂಸಾರಕ್ಕೇ ಬೆಂಕಿ ಹಚ್ಚಿತು.

"ರಾಚವ್ವನ ಹಲ್ಲೆಲ್ಲಾ ಹೋಗ್ಯಾವ, ಖರೆ ಆವಾಜ ಏನೂ ಕಮ್ಮಿ ಆಗಿಲ್ಲ ನೋಡು. ಕುರ್ಲಾದಾಗ ಹೊಸಾಕಿ ಒಬ್ಬಾಕಿ ಸಿಕ್ಕಾಳ. ಈ ಹಳೇ ರಾಚವ್ವನ್ನ ಭಂಗಾರಕ್ಕ ಹಾಕಿಬಿಡೂನು."

ಒಳಗೆ ರೊಟ್ಟಿ ಬಡಿಯುತ್ತಿದ್ದ ಸದ್ದು ನಿಂತಿತು. ನೀಲಾಬಾಯಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಅವಳ ತಾಯಿಯ ಹಲ್ಲು ನಿಜಕ್ಕೂ ಬಿದ್ದಿದ್ದವು, ಹೋದ ವರ್ಷ, ನಾಲ್ಕೇ.

"ನಮ್ಮವ್ವ ನಿಮಗ ಭಂಗಾರ ಆದಳೇನು" ಎಂದಳು. ಅದು ಗೇರು ಮಾರಾಯ್ತಿ ಎಂದು ಅವನು ಹೇಳುವಷ್ಟರಲ್ಲಿ ಅವಳ ಕಣ್ಣು ಗೋಣಿತಟ್ಟಿನ ಮೇಲೆ ಹಲ್ಲು ಉದುರಿ ಬಿದ್ದಿದ್ದ ಗೇರಿನ ಮೇಲೆ ಬಿತ್ತು. ಗೇರೆಂದು ತಿಳಿದ ಮೇಲೆ ಸಿಟ್ಟು ಇಳಿಯಬೇಕಿತ್ತು, ಇಮ್ಮಡಿಯಾಯಿತು. ಇಷ್ಟು ವರ್ಷ ತನ್ನ ತವರಿನವರನ್ನೆಲ್ಲ ಗ್ರೀಸಿನಲ್ಲಿ ಅದ್ದಿ, ಸೀಮೆಎಣ್ಣೆಯಲ್ಲಿ ತಿಕ್ಕಿ, ಸುತ್ತಿಗೆಯಲ್ಲಿ ಬಡಿದ ಗಂಡ ಇವನು ಎಂಬುದು ಅವಳಿಗೆ ಗೊತ್ತಾದದ್ದು ಅವತ್ತೇ. ಅಂದಿನಿಂದ ಗಂಡನೊಂದಿಗೆ ಮಾತು ಬಿಟ್ಟಳು. ಚಂದ್ರಾಮನೂ ಏನು ಕಡಿಮೆ, ಅವನೂ ಬಿಟ್ಟ.

ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಖೋಲಿಯಲ್ಲಿ ಮಾತು ಬಿಡುವುದೆಂದರೆ ಸಣ್ಣ ಕೆಲಸವಲ್ಲ. ಒಬ್ಬರ ಉಸಿರು ಇನ್ನೊಬ್ಬರಿಗೆ ತಾಕುತ್ತದೆ. ಅದಕ್ಕೆಂದೇ ದೇವರು ಕಾಂತಪ್ಪನನ್ನು ಇಟ್ಟಿದ್ದ. ಊಟಕ್ಕೆ ಕೂತಾಗ ಚಂದ್ರಾಮ ಭಾವಮೈದುನನ ಕಡೆ ತಿರುಗಿ ಹೇಳುತ್ತಿದ್ದ:

"ನಿಮ್ಮಕ್ಕಗ ಹೇಳು, ಸಾರಿನ್ಯಾಗ ಉಪ್ಪಿಲ್ಲ. ಸಮುದ್ರದ ಬಾಜೂಕ ಇದ್ದು ಈ ಮನ್ಯಾಗ ಉಪ್ಪಿಗಿ ಬರಗಾಲ ಬಂದೈತಿ ಅಂತ."

ಕಾಂತಪ್ಪ ಎರಡು ಅಡಿ ಆಚೆ ಕೂತ ಅಕ್ಕನ ಕಡೆ ತಿರುಗುತ್ತಿದ್ದ. "ಅಕ್ಕಾ, ಸಾರು ಭಾಳ ಚಲೋ ಆಗೈತಿ ಅಂತಾನ ಮಾವ. ಒಂದೀಟು ಉಪ್ಪು ಇದ್ರ ಇನ್ನೂ ಎರಡು ರೊಟ್ಟಿ ಉಣ್ತಿದ್ನಂತ."

ನೀಲಾಬಾಯಿ ಮೊದಲಿನದನ್ನೂ ಕೇಳಿರುತ್ತಿದ್ದಳು, ಕಿವುಡಿಯೇನಲ್ಲ. ಆದರೆ ಗಂಡನ ಬಾಯಿಂದ ಬಂದದ್ದಕ್ಕೆ ಉತ್ತರವಿಲ್ಲ, ತಮ್ಮನ ಬಾಯಿಂದ ಬಂದದ್ದಕ್ಕೆ ಮಾತ್ರ ಎಂಬುದು ಅವಳು ಮಾಡಿಕೊಂಡ ಕಾನೂನು. ಆದ್ದರಿಂದ ಉಪ್ಪೂ ಬರುತ್ತಿತ್ತು, ಎರಡು ರೊಟ್ಟಿಯೂ ಬರುತ್ತಿತ್ತು. ಕಾಂತಪ್ಪ ಯಾವ ಮಾತನ್ನೂ ಬಂದ ಹಾಗೇ ದಾಟಿಸುವವನಲ್ಲ, ಮೊನೆಯನ್ನೆಲ್ಲ ಉಜ್ಜಿ, ಎಣ್ಣೆ ಸವರಿಯೇ ಮುಂದಕ್ಕೆ ಕಳಿಸುವವನು. ಅಳಿಯ ನಿನ್ನನ್ನು ಭಂಗಾರಕ್ಕೆ ಹಾಕುತ್ತಾನಂತೆ ಎಂದು ಅವ್ವನಿಗೆ ಕಾಗದ ಬರಿ ಅಂತ ನೀಲಾಬಾಯಿ ಅತ್ತುಕೊಂಡು ಹೇಳಿದಾಗಲೂ ಅವನು ಅದನ್ನೇ ಮಾಡಿದ. "ಅಳಿಯ ನಿನ್ನನ್ನು ಬಂಗಾರ ಅನ್ನುತ್ತಾನೆ" ಎಂದು ಬರೆದು ಡಬ್ಬಿಗೆ ಹಾಕಿದ. ಎಂಟೇ ದಿನದಲ್ಲಿ ಊರಿನಿಂದ ಬರುವವರ ಕೈಯಲ್ಲಿ ರಾಚವ್ವ ಅಳಿಯನಿಗೆಂದು ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ ದೊಡ್ಡ ಗಂಟು ಕಳಿಸಿಕೊಟ್ಟಳು. ಅವ್ವನಿಗೇ ಸಿಟ್ಟಿಲ್ಲದ ಮೇಲೆ ತನಗೇಕೆ ಎಂದು ನೀಲಾಬಾಯಿಗೆ ಅನ್ನಿಸದೆ ಇರಲಿಲ್ಲ, ಆದರೆ ಬಿಟ್ಟ ಮಾತನ್ನು ತಾನಾಗಿ ಎತ್ತಿಕೊಳ್ಳುವುದು ಹೇಗೆ.

ಇತ್ತ ಗೇರ್‌ಬಾಕ್ಸಿನ ಕೆಲಸ ಮುಂದುವರಿಯಿತು. ನಡುವಿನ ಗೇರು, ಅಂದರೆ ಕಾಂತಪ್ಪ ಗೇರು, ಅತ್ತಿತ್ತ ಸರಿಯದಂತೆ ಅದರ ಎರಡೂ ಬದಿಗೆ ಅಂಗೈ ಅಗಲದ ಒಂದೊಂದು ಹಿತ್ತಾಳೆಯ ಬಿಲ್ಲೆ ಇರುತ್ತದೆ. ಎಣ್ಣೆ ಹರಿಯಲೆಂದು ಅದರ ಮೈಮೇಲೆ ನಡುವಿನಿಂದ ಅಂಚಿಗೆ ಗೀರು ಕೊರೆದಿರುತ್ತಾರೆ. ಒಂದು ಬಿಲ್ಲೆ ಒಡೆದಿತ್ತು, ಅದನ್ನು ಚಂದ್ರಾಮ ಲೇಥಿನವನ ಹತ್ತಿರ ಹೊಸದಾಗಿ ಮಾಡಿಸಿದ. ಇನ್ನೊಂದು ಚೆನ್ನಾಗಿತ್ತು. ಗುರುವಾರ ಜೋರು ಮಳೆ, ಛಪ್ಪರವೆಲ್ಲ ಸೋರುತ್ತಿತ್ತು. ಸಾಮಾನು ನೀರಲ್ಲಿ ತೇಲಿ ಹೋದೀತೆಂದು ಹೆದರಿ, ಆ ಬಿಲ್ಲೆಯನ್ನು ಕಾಂತಪ್ಪನ ಕೈಗೆ ಕೊಟ್ಟ. "ನಿಮ್ಮಕ್ಕಗ ಕೊಡು. ತೊಳದು ದೇವರಂಗ ಜ್ವಾಕಿ ಮಾಡಂತ ಹೇಳು" ಎಂದ.

ತಗಡಿನ ಮೇಲೆ ಮಳೆ ಬಡಿಯುವ ಸದ್ದಿನಲ್ಲಿ ಕಾಂತಪ್ಪನಿಗೆ ಕೇಳಿಸಿದ್ದು ಅರ್ಧ. ಉಳಿದರ್ಧಕ್ಕೆ ಅವನು ತನ್ನ ಪದ್ಧತಿಯಂತೆ ಎಣ್ಣೆ ಸವರಿದ. ಒಳಗೆ ಹೋಗಿ, "ಅಕ್ಕಾ, ಇದನ್ನ ದೇವರಿಗಿ ಅಂತ ಕೊಟ್ಟಾನ ಮಾವ. ತೊಳದು ಪೂಜಿಗಿ ಇಡಬೇಕಂತ" ಎಂದ.

ಮರುದಿನ ಶುಕ್ರವಾರ ಬಸವಂತರಾಯ ಕೊಡೆ ಹಿಡಿದು ಧಾರಾವಿಗೇ ಬಂದ. ಕೆಲಸ ಯಾವಾಗ ಮುಗಿಯುತ್ತದೆ ಎಂದು ಬಾಗಿಲಲ್ಲಿ ನಿಂತು ಕೇಳಿದ. ಪೆಟ್ಟಿಗೆಯೊಳಗೆ ತಲೆ ತೂರಿಸಿದ್ದ ಚಂದ್ರಾಮ ಒಳಗಿನಿಂದಲೇ, "ನಾ ಮನುಷ್ಯಾ ಅದೇನಿ, ಆದಾಗ ಆಗತೈತಿ ಅಂತ ಹೇಳ ಅವರಿಗಿ" ಎಂದು ಗೊಣಗಿದ. ಹೊರಗೆ ನಿಂತಿದ್ದ ಕಾಂತಪ್ಪ ಅದನ್ನು ಸಾವುಕಾರನಿಗೆ ದಾಟಿಸಿದ:

"ಸೋಮವಾರ ಹೊತ್ತು ಮುಳುಗೂದ್ರೊಳಗ ಮಿಲ್ಟ್ರಿ ದಿಬ್ಬ ಹತ್ತತೈತಿ ಅಂತಾನ್ರಿ ಮಾವ. ಹತ್ತಲಿಲ್ಲಂದ್ರ ಜಲ್ಮದಾಗ ಪಾನಾ ಮುಟ್ಟಂಗಿಲ್ಲಂತ್ರಿ."

ಬಸವಂತರಾಯ ಖುಷಿಯಾದ. "ಛಲೋ ಆತು. ಸೋಮವಾರ ಭಂಗಾರದವ ಗಾಡಿ ಕಡಿಯಾಕ ಬರಾವ ಅದಾನ. ಅವಂಗ ಸಂಜೀತನಕ ಕುಂದ್ರು ಅಂತೇನಿ. ಹತ್ತಿದ್ರ ಗಾಡಿ ಉಳೀತು, ಇಲ್ಲಾಂದ್ರ ಅವ ಕಡದು ಒಯ್ಯಲಿ" ಎಂದು ಕೊಡೆ ಬಿಚ್ಚಿಕೊಂಡು ಹೊರಟುಹೋದ.

ಚಂದ್ರಾಮ ತಲೆ ಹೊರಗೆ ತೆಗೆಯುವಷ್ಟರಲ್ಲಿ ಅವನ ಬಾಯಿಂದ ಬಾರದ ಪ್ರತಿಜ್ಞೆಯೊಂದು ಕಾಂದಿವಲಿಯ ದಾರಿ ಹಿಡಿದಿತ್ತು. ಇಡೀ ಚಾಳು ಅದನ್ನು ಕೇಳಿತ್ತು. ಆಡಿದವರು ಯಾರಾದರೇನು, ಮಿಸ್ತ್ರಿಯ ಹೆಸರಲ್ಲಿ ಮಾತು ಹೋದ ಮೇಲೆ ಹೋಯಿತು. ಅವನು ಬೋಲ್ಟು ಬಿಗಿಯುತ್ತಿದ್ದ ಪಾನಾವನ್ನು ಎತ್ತಿದ್ದು ಕಾಂತಪ್ಪನ ಮೇಲೆಯೇ. ಕಾಂತಪ್ಪ ಮೆಟ್ಟಿಲು ಇಳಿದು, ಚಪ್ಪಲಿ ಹುಡುಕಿ ಮೆಟ್ಟಿಕೊಂಡು, ಚೆಂಬೂರಿನಲ್ಲಿ ಸದಾನಂದನ ಹೋಟೆಲಿದೆ, ಅಲ್ಲಿಯಾದರೂ ಕನ್ನಡ ಪೇಪರು ಓದಿಕೊಂಡಿರುತ್ತೇನೆಂದು ಹೇಳಿ ಹೋದ. ಅವನನ್ನು ಅಟ್ಟಿದ್ದಕ್ಕೆ ನೀಲಾಬಾಯಿ ಗಂಡನನ್ನು ಬಯ್ಯಬೇಕಿತ್ತು. ಬಯ್ಯುವುದಕ್ಕೂ ಕಾಂತಪ್ಪ ಬೇಕಾಗಿತ್ತು.

ಶನಿವಾರ ಪೂರ್ತಿ ಆ ಖೋಲಿಯಲ್ಲಿ ಒಂದು ಮಾತಿಲ್ಲ. ಚಂದ್ರಾಮ ಬೇರಿಂಗು ಕೂಡಿಸಿದ, ಹೊಸ ಗೇರು ಕೂಡಿಸಿದ. ರವಿವಾರ ಬೆಳಗ್ಗೆ ನಡುವಿನ ಗೇರು ಇಡಲು ಹೋದಾಗ ಬಿಲ್ಲೆ ಒಂದೇ ಇತ್ತು. ಇನ್ನೊಂದನ್ನು ಹೆಂಡತಿಗೆ ಕೊಡಿಸಿದ್ದು ನೆನಪಾಯಿತು. ಆ ಬಿಲ್ಲೆ ಇಲ್ಲದಿದ್ದರೆ ನಡುವಿನ ಗೇರು ಭಾರಕ್ಕೆ ಪಕ್ಕಕ್ಕೆ ಸರಿದು, ದಿಬ್ಬದ ಅರ್ಧದಲ್ಲಿ ಮತ್ತೆ ಎಲ್ಲ ಹಲ್ಲೂ ಉದುರುತ್ತವೆ. ಹೊಸದು ಮಾಡಿಸೋಣವೆಂದರೆ ರವಿವಾರ ಲೇಥಿನವರೆಲ್ಲ ಬಂದ್. ಕೆಲಸವೇನು ದೊಡ್ಡದಲ್ಲ, ಎರಡು ಅಡಿ ದೂರದಲ್ಲಿ ಜೋಳ ಆರಿಸುತ್ತ ಕೂತ ಹೆಂಡತಿಯನ್ನು "ಅದೆಲ್ಲಿ ಇಟ್ಟೀ" ಎಂದು ಕೇಳಿದರೆ ಮುಗಿಯುತ್ತಿತ್ತು.

ಮಾತು ಬಿಟ್ಟ ಗಂಡಸು ಹಾಗೆ ಕೇಳುತ್ತಾನೆಯೇ. ಅವನು ಹುಡುಕಿದ. ಟ್ರಂಕು ತೆಗೆದು ಸೀರೆಗಳನ್ನು ಕೊಡವಿದ. ಬೇಳೆಯ ಡಬ್ಬಿ, ಖಾರದ ಡಬ್ಬಿ, ಶೇಂಗಾ ಹಿಂಡಿಯ ಗಂಟು ಬಿಚ್ಚಿದ. ಹಿಟ್ಟಿನ ಡಬ್ಬಿಯೊಳಗೆ ಮೊಳಕೈ ತನಕ ತೋಳು ಇಳಿಸಿದ. ನೀಲಾಬಾಯಿ ಜೋಳ ಆರಿಸುತ್ತಲೇ ಒಂದು ಸಲ ಕಣ್ಣೆತ್ತಿ ನೋಡಿದಳು, ಮತ್ತೆ ಮೊರದೊಳಗೆ ನೋಡಿದಳು. ಚಂದ್ರಾಮ ಬಿಳಿ ಕೈ ಒರೆಸಿಕೊಂಡು, ಮೂಲೆಯ ದೇವರ ಹಲಗೆಗೆ ಎಂದಿನಂತೆ ಕಣ್ಣು ಮುಚ್ಚಿ ಕೈಮುಗಿದು, ಚೆಂಬೂರಿನ ಬಸ್ಸು ಹಿಡಿದ. ಎದುರಿಗೇ ಇದ್ದ ಹೆಂಡತಿ ಏನನ್ನು ಎಲ್ಲಿಟ್ಟಿದ್ದಾಳೆ ಎಂದು ಕೇಳಲು ಮುಂಬಯಿಯಲ್ಲಿ ಬಸ್ಸು ಹತ್ತಿದವನು ಅವನೊಬ್ಬನೇ ಇರಬೇಕು.

ಸದಾನಂದನ ಹೋಟೆಲು ಸ್ಟೇಷನ್ನಿನ ಎದುರಿಗಿತ್ತು. ಸದಾನಂದ ಉಡುಪಿ ಕಡೆಯವನು, ದುಡ್ಡಿನ ಗಲ್ಲೆಯ ಮೇಲೆ ಮುಖ ಗಂಟಿಕ್ಕಿ ಕೂತಿದ್ದ. ಅಡುಗೆಮನೆಯ ಕಿಂಡಿಯ ಆಚೆ ದೂಜ ಎಂಬ ಅಡುಗೆಯವನು ಬೆನ್ನು ತಿರುಗಿಸಿ ನಿಂತಿದ್ದ. ಇಬ್ಬರ ನಡುವೆ ಹೆಗಲ ಮೇಲೆ ಬಿಳಿ ಬಟ್ಟೆ ಹಾಕಿಕೊಂಡು ನಿಂತಿದ್ದವನು ಕಾಂತಪ್ಪ.

"ಆ ದೂಜನಿಗೆ ಹೇಳು" ಎಂದ ಸದಾನಂದ, "ದೋಸೆ ಮಾಡುದಾದ್ರೆ ಮಾಡ್ಲಿಕ್ಕೆ ಹೇಳು, ಇಲ್ಲದಿದ್ರೆ ಊರಿಗೆ ಟಿಕೇಟು ತೆಗೀಲಿಕ್ಕೆ ಹೇಳು."

ಕಾಂತಪ್ಪ ಕಿಂಡಿಯೊಳಗೆ ಬಗ್ಗಿದ. "ದೂಜಣ್ಣಾ, ನಿಮ್ಮ ದ್ವಾಸಿ ಹಂಗ ಇಡೀ ಚೆಂಬೂರದಾಗ ಯಾರೂ ಮಾಡಂಗಿಲ್ಲ ಅಂತಾರ್ರಿ ಧಣಿಯರು. ಎರಡು ಸಾದಾ, ಒಂದು ಮಸಾಲಿ."

ಕಾವಲಿಯ ಮೇಲೆ ಚೊಯ್ಯೆಂದು ಹಿಟ್ಟು ಬಿತ್ತು. ಚಂದ್ರಾಮ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದ. ಆರು ವರ್ಷ ಮನೆಯಲ್ಲಿ ನೋಡಿಯೂ ಕಾಣದ್ದು ಆ ಹೋಟೆಲಿನಲ್ಲಿ ಕಂಡಿತು. ಕಾಂತಪ್ಪನನ್ನು ಕರೆದುಕೊಂಡು ಹೋಗಲು ಬಂದಿದ್ದೇನೆ ಎಂದಾಗ ಸದಾನಂದ ಗಲ್ಲೆ ಬಿಟ್ಟು ಎದ್ದೇ ಬಂದ.

"ಎಂಥ ಹೇಳುದು ನೀವು ಮಾರಾಯ್ರೆ. ಸಾಂಬಾರು ನೀರು ಅಂತ ನಾನೊಂದು ಮಾತು ಹೇಳಿದ್ದಕ್ಕೆ ದೂಜ ಒಂದು ತಿಂಗಳಿಂದ ಬಾಯಿ ಬಿಡುದಿಲ್ಲ. ಗಿರಾಕಿ ಇಡ್ಲಿ ಕೇಳಿದ್ರೆ ಒಳಗಿಂದ ಉಪ್ಪಿಟ್ಟು ಬರ್ತಿತ್ತು. ಇವ ಬಂದ ಮೇಲೆ ಹೋಟ್ಲು ನಡೀತಾ ಉಂಟು. ಸಂಬಳಕ್ಕೆ ಇಟ್ಕೊಂಡಿದ್ದೇನೆ. ಬಿಡುದಿಲ್ಲ."

ಕಾಂತಪ್ಪನಿಗೆ ಸಂಬಳ ಎಂಬ ಮಾತು ಚಂದ್ರಾಮನ ಕಿವಿಯಲ್ಲಿ ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಬಿಲ್ಲೆಯ ವಿಷಯ ಕೇಳಿದ.

"ದೇವರ ಹಿಂದ ಐತಲ್ರಿ ಮಾವಾ" ಎಂದ ಕಾಂತಪ್ಪ. "ನೀವ ದೇವರಿಗಿ ಕೊಟ್ಟದ್ದು. ಅಕ್ಕ ಹುಣಸಿಹಣ್ಣು ಹಚ್ಚಿ ತಿಕ್ಕಿ, ಮೈಲಾರಲಿಂಗನ ಬೆನ್ನಿಗಿ ಪ್ರಭಾವಳಿ ಮಾಡಿ ನಿಂದರಿಸ್ಯಾಳ. ಆ ಗೀರು ಸೂರ್ಯಾನ ಕಿರಣ ಇದ್ದಂಗ ಅದಾವ. ಅವತ್ತು ಕಣ್ಣಾಗ ನೀರು ತಂದಳ್ರಿ. ಇಪ್ಪತ್ತೆರಡು ವರ್ಸದಾಗ ಒಂದು ಕಾಯಿ ಒಡೀದವ್ರು, ನಮ್ಮವ್ವನ್ನ ಅಂದದ್ದಕ್ಕ ತಪ್ಪಾತು ಅಂತ ದೇವರಿಗಿ ಕೊಟ್ಟಾರ ಅಂದ್ಲು. ಮಾತಾಡಸಬೇಕಂತ ಕುಂತಿದ್ಲು. ನೀವು ಆ ಕಡೆ ನೋಡಲೇ ಇಲ್ಲ."

ಚಂದ್ರಾಮ ಹೋಟೆಲಿನ ಬೆಂಚಿನ ಮೇಲೆ ಕೂತುಬಿಟ್ಟ. ಬಿಲ್ಲೆಯನ್ನು ಕೇಳಿದರೆ, ತಾನು ದೇವರಿಗೂ ಕೊಟ್ಟಿಲ್ಲ, ತಪ್ಪಾಯಿತೆಂದೂ ಅಂದಿಲ್ಲ ಎಂದು ಒಪ್ಪಿಕೊಂಡ ಹಾಗೆ. ಕೇಳದಿದ್ದರೆ ನಾಳೆ ಮಿಲ್ಟ್ರಿ ಭಂಗಾರ, ತನ್ನ ಪಾನಾವೂ ಭಂಗಾರ. "ನೀ ಬಂದು ಹೇಳೋ, ನಿನ್ನಂಗ ಮೆತ್ತಗ ಮಾಡಿ" ಎಂದು ಬೇಡಿಕೊಂಡ. ಕಾಂತಪ್ಪ ಹೆಗಲ ಬಟ್ಟೆ ಸರಿಮಾಡಿಕೊಂಡು, "ರವಿವಾರ ಗಿರಾಕಿ ಭಾಳ್ರಿ ಮಾವಾ, ರಜಾ ಇಲ್ಲ" ಎಂದ.

ಮನೆಗೆ ಬಂದಾಗ ಮಧ್ಯಾಹ್ನ ಇಳಿದಿತ್ತು. ಚಂದ್ರಾಮ ಮೊದಲ ಸಲ ಕಣ್ಣು ತೆರೆದು ದೇವರನ್ನು ನೋಡಿದ. ಬೆರಳುದ್ದದ ಮೈಲಾರಲಿಂಗನ ಬೆನ್ನ ಹಿಂದೆ ಬಿಲ್ಲೆ ಫಳಫಳ ಹೊಳೆಯುತ್ತಿತ್ತು. ಅದಕ್ಕೆ ಕುಂಕುಮ, ಮೇಲೊಂದು ಚೆಂಡುಹೂವು. ಎಣ್ಣೆ ಹರಿಯುವ ದಾರಿ ಅಷ್ಟು ಚೆಂದ ಇರುತ್ತದೆಂದು ಮೂವತ್ತು ವರ್ಷದಲ್ಲಿ ಅವನಿಗೆ ತಿಳಿದಿರಲಿಲ್ಲ. ನೀಲಾಬಾಯಿ ಒಲೆಯ ಮುಂದೆ ಬೆನ್ನು ಮಾಡಿ ಕೂತಿದ್ದಳು.

ಅವನು ಗೋಣಿತಟ್ಟಿನ ಮೇಲೆ ಕೂತ. ಎದುರಿಗೆ ನಡುವಿನ ಗೇರು ಬಿದ್ದಿತ್ತು. ಅದನ್ನೇ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು, ಅದರ ಮುಖ ನೋಡಿ ಹೇಳಿದ:

"ಕಾಂತಪ್ಪಾ, ನಿಮ್ಮಕ್ಕಗ ಹೇಳು. ಆ ಬಿಲ್ಲಿ ನಾ ದೇವರಿಗಿ ಕೊಟ್ಟದ್ದಲ್ಲ. ಗಾಡೀದು."

ಅವನು ಗೇರನ್ನು ಇನ್ನೊಂದಿಷ್ಟು ಒಲೆಯ ಕಡೆ ತಿರುಗಿಸಿದ. "ಇನ್ನೂ ಒಂದು ಹೇಳು. ದೇವರಿಗಿ ಕೊಡಬೇಕಂತ ನನಗ ತಿಳೀಲಿಲ್ಲ. ತಿಳೀಬೇಕಿತ್ತು. ಅತ್ತಿ ಹೆಸರ ತಗೊಂಡು ಹಂಗ ಅನ್ನಬಾರದಿತ್ತು. ತಪ್ಪು ನಂದ ಐತಿ."

ನೀಲಾಬಾಯಿ ತಿರುಗಿದಳು. ಗಂಡನ ಕಡೆಗಲ್ಲ, ಅವನ ತೊಡೆಯ ಮೇಲಿದ್ದ ಕಬ್ಬಿಣದ ಕಡೆಗೆ.

"ಕಾಂತಪ್ಪಾ, ನಿಮ್ಮ ಮಾವಗ ಹೇಳು. ಹಿಟ್ಟಿನ ಡಬ್ಬ್ಯಾಗ ಕೈ ಹಾಕಿದಾಗ ನನಗ ಗೊತ್ತಾತು. ದೇವರಿಗಿ ಕೊಟ್ಟವ್ರು ಹಿಟ್ಟಿನಾಗ ಹುಡುಕಂಗಿಲ್ಲ ಅಂತ." ಅವಳ ದನಿ ಸಣ್ಣದಾಯಿತು. "ಮೂರು ದಿನ ಹುಚ್ಚಿ ಹಂಗ ಅದರ ಮುಂದ ಕುಂತು ಖುಷಿಪಟ್ಟೆ ಅಂತ ಹೇಳು."

ಚಂದ್ರಾಮ ಗೇರನ್ನು ಕೆಳಗಿಟ್ಟ. "ನೀಲಾ" ಎಂದ. ಹದಿನೈದು ದಿನದ ಮೇಲೆ ನೇರವಾಗಿ ಬಂದ ಮಾತು ಅಷ್ಟೇ.

ಅವಳು ಎದ್ದು ದೇವರ ಹಲಗೆಯ ಹತ್ತಿರ ಹೋದಳು. ಹೂವು ತೆಗೆದಳು, ಬಿಲ್ಲೆ ತೆಗೆದಳು, ಸೆರಗಿನಿಂದ ಕುಂಕುಮ ಒರೆಸಿದಳು. ಗೀರುಗಳೊಳಗೆ ಇಳಿದದ್ದು ಪೂರ್ತಿ ಹೋಗಲಿಲ್ಲ. ತಂದು ಅವನ ಕೈಯಲ್ಲಿ ಇಟ್ಟಳು.

"ಕೇಳಿದ್ರ ಮುಂಜಾನೇನ ಕೊಡತಿದ್ದೆ" ಎಂದಳು, ಅವನನ್ನೇ ನೋಡಿ. "ಆದ್ರ ಆ ಮ್ಯಾಲಿನ ಗೇರಿಗಿ ಇನ್ನ ನಮ್ಮವ್ವನ ಹೆಸರು ಬ್ಯಾಡ. ನನ್ನ ಹೆಸರು ಇಡ್ರಿ. ನನ್ನ ಹಲ್ಲು ಗಟ್ಟಿ ಅದಾವ."

ಅದನ್ನು ಒಪ್ಪಿಕೊಂಡು ಚಂದ್ರಾಮ ಸಂಜೆಯೊಳಗೆ ಪೆಟ್ಟಿಗೆ ಮುಚ್ಚಿದ. ಮೇಲೆ ನೀಲಾಬಾಯಿ, ಕೆಳಗೆ ಚಂದ್ರಾಮ, ನಡುವೆ ಅತ್ತಿತ್ತ ಸರಿಯದಂತೆ ಎರಡು ಬಿಲ್ಲೆಗಳ ಮಧ್ಯೆ ಕಾಂತಪ್ಪ.

ಸೋಮವಾರ ಬೆಳಿಗ್ಗೆಯೇ ಖಾಣಿಯ ಲಾರಿ ಬಂತು. ಕಾಂದಿವಲಿ ಮುಟ್ಟಿ, ನಾಲ್ಕು ಆಳು ಹಿಡಿದು ಪೆಟ್ಟಿಗೆಯನ್ನು ಮಿಲ್ಟ್ರಿಯ ಹೊಟ್ಟೆಗೆ ಏರಿಸಿ ಬೋಲ್ಟು ಬಿಗಿಯುವಷ್ಟರಲ್ಲಿ ಮೂರು ಗಂಟೆ ದಾಟಿತ್ತು. ಭಂಗಾರದವನು ಬೆಳಗಿನಿಂದ ತನ್ನ ಗ್ಯಾಸಿನ ಸಿಲಿಂಡರಿನ ಮೇಲೆ ಕೂತು ಬೀಡಿ ಸೇದುತ್ತಿದ್ದ, ಗಾಡಿಯನ್ನು ಎಲ್ಲಿಂದ ಕಡಿಯಲು ಸುರು ಮಾಡಬೇಕೆಂದು ಕಣ್ಣಲ್ಲೇ ಅಳೆಯುತ್ತಿದ್ದ. ಬಸವಂತರಾಯ ಗಾಡಿಯ ತುಂಬ ಕಲ್ಲು ತುಂಬಿಸಿದ. ಮಳೆ ಹನಿಯುತ್ತಿತ್ತು, ದಿಬ್ಬದ ಕೆಸರು ಮೊಳಕಾಲುದ್ದ.

ಚಂದ್ರಾಮ ತಾನೇ ಹತ್ತಿ ಕೂತ. ಚಿಕ್ಕ ಗೇರಿನ ಹಿಡಿ ಎಳೆದ. ಒಳಗೆ ಟಕ್ಕೆಂದು ಕೂತಿತು. ಮಿಲ್ಟ್ರಿ ನಾಲ್ಕೂ ಗಾಲಿಯಲ್ಲಿ ಕೆಸರು ಹಿಡಿದು ಮೇಲಕ್ಕೆ ಹೊರಟಿತು. ಅರ್ಧ ದಿಬ್ಬದಲ್ಲಿ, ಹೋದ ಸಲ ನಿಂತ ಜಾಗದಲ್ಲಿ, ಹಿಂದಿನ ಗಾಲಿಯೊಂದು ಜಾರಿತು. ಚಂದ್ರಾಮನ ಬಾಯಿಂದ ಬಂದದ್ದು ದೇವರ ಹೆಸರಲ್ಲ. "ನೀಲಾ, ಕೈ ಬಿಡಬ್ಯಾಡವಾ" ಎಂದ. ಮುಂದಿನ ಗಾಲಿಗಳು ಎಳೆದವು. ಕಿರುಚಾಟವಿಲ್ಲ, ಗುರುಗುರು ಎಂಬ ಒಂದೇ ದನಿ. ಗಾಡಿ ದಿಬ್ಬದ ನೆತ್ತಿಗೆ ಬಂದು ನಿಂತಿತು.

ಆಳುಗಳು ಕೂಗು ಹಾಕಿದರು. ಭಂಗಾರದವನು ಬೀಡಿ ಎಸೆದು ಸಿಲಿಂಡರನ್ನು ಕೈಗಾಡಿಗೆ ಹೇರಿದ. ಬಸವಂತರಾಯ ಹತ್ತಿರ ಬಂದು, "ಏನೋ ಚಂದ್ರಾಮ, ಏನು ಹಾಕಿದಿ ಒಳಗ, ಇಷ್ಟು ಗಪ್ಪಾಗಿ ಹತ್ತಿತಲ್ಲ" ಎಂದ.

"ದೇವರ ಮನ್ಯಾಗಿನದು ಒಂದು ಬಿಲ್ಲಿ ತಂದು ಹಾಕೇನ್ರಿ ಸಾವುಕಾರ್ರ" ಎಂದ ಚಂದ್ರಾಮ. ಸಾವುಕಾರ ಅದನ್ನು ಚೇಷ್ಟೆಯೆಂದುಕೊಂಡು ನಕ್ಕ.

ಮಂಗಳವಾರ ಚಂದ್ರಾಮ ಪಾತ್ರೆ ಅಂಗಡಿಗೆ ಹೋಗಿ, ದೇವರ ಬೆನ್ನಿಗೆ ಇಡುವ ಒಂದು ಹೊಸ ಹಿತ್ತಾಳೆಯ ಪ್ರಭಾವಳಿ ತಂದ. ಯಾರ ಕೈಯಲ್ಲೂ ಕೊಡದೆ ತಾನೇ ನೀಲಾಬಾಯಿಯ ಕೈಯಲ್ಲಿಟ್ಟ. "ಇದು ನಾನ ಕೊಟ್ಟದ್ದು" ಎಂದ, ಯಾವುದಕ್ಕೂ ಇರಲೆಂದು.

ನೀಲಾಬಾಯಿ ಅದನ್ನು ಬೆಳಕಿಗೆ ಹಿಡಿದು ಅತ್ತಿತ್ತ ತಿರುಗಿಸಿ ನೋಡಿದಳು. ನುಣ್ಣಗಿತ್ತು, ಹೊಳೆಯುತ್ತಿತ್ತು. ಅಂಚಿಗೆ ಎರಡು ನವಿಲು ಬೇರೆ ಇದ್ದವು.

"ಚಂದ ಐತಿ" ಎಂದಳು. "ಆದ್ರ ಅದರಾಗ ಇದ್ದಂಗ ಇದರಾಗ ಗೀರು ಇಲ್ಲ."

ಚಂದ್ರಾಮ ಪ್ರಭಾವಳಿಯನ್ನು ವಾಪಸು ತೆಗೆದುಕೊಂಡ. ಛಪ್ಪರಕ್ಕೆ ಹೋಗಿ ಲೋಹ ಉಜ್ಜುವ ಸಣ್ಣ ಕಾನಸು ಹುಡುಕಿದ, ಗೋಣಿತಟ್ಟಿನ ಮೇಲೆ ಕೂತು ಬಿಲ್ಲೆಯ ಲೆಕ್ಕದಲ್ಲೇ ನಡುವಿನಿಂದ ಅಂಚಿಗೆ ಒಂದೊಂದೇ ಗೀರು ಕೊರೆಯತೊಡಗಿದ. ನೀಲಾಬಾಯಿ ಬಾಗಿಲಲ್ಲಿ, ಕಾಂತಪ್ಪ ಕೂರುತ್ತಿದ್ದ ಜಾಗದಲ್ಲಿ, ಶೇಂಗಾ ಬಿಡಿಸುತ್ತ ಕೂತಳು. ನಾಲ್ಕನೆಯ ಗೀರು ಒಂದಿಷ್ಟು ಓರೆಯಾಯಿತೆಂದು ಅವಳು ಅವನಿಗೇ ನೇರವಾಗಿ ಹೇಳಿದಳು, ಎಣ್ಣೆ ಏನೂ ಸವರದೆ.